ಬೈಕ್ ಅಲುಗಾಡಲಿ ಬಿಡಿ: ಮಣ್ಣುದಾರಿಯ ದೂರ ಪ್ರಯಾಣಕ್ಕೆ ಡ್ಯುಯಲ್ ಸ್ಪೋರ್ಟ್ ಸಜ್ಜು ಮಾಡುವ ಬಗೆ

ಡಾಂಬರು ರಸ್ತೆಯಲ್ಲಿ ವರ್ಷಗಟ್ಟಲೆ ಬೈಕ್ ಓಡಿಸಿದವರು ಮೊದಲ ಸಲ ಜಲ್ಲಿಯ ದಾರಿಗೆ ಇಳಿದಾಗ ಎಲ್ಲರೂ ಒಂದೇ ಕೆಲಸ ಮಾಡುತ್ತಾರೆ. ಹ್ಯಾಂಡಲ್ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಮುಂದಿನ ಚಕ್ರ ಅತ್ತಿತ್ತ ಜಾರುತ್ತದೆ. ಕೈ ಇನ್ನೂ ಬಿಗಿಯಾಗುತ್ತದೆ. ಭುಜ ಕಲ್ಲಾಗುತ್ತದೆ. ನೋಡನೋಡುತ್ತಿದ್ದಂತೆ ಬೈಕ್ ಒಂದು ಕಡೆ, ಸವಾರ ಇನ್ನೊಂದು ಕಡೆ. ನಾನೂ ಹೀಗೇ ಶುರು ಮಾಡಿದವನು.

ಡಾಂಬರು ಕಲಿಸಿದ ಪಾಠವನ್ನೇ ಮಣ್ಣಿನ ಮೇಲೂ ಒಪ್ಪಿಸಲು ಹೋಗುವುದರಿಂದ ಹೀಗಾಗುತ್ತದೆ. ಡಾಂಬರಿನ ಮೇಲೆ ಸವಾರ ಮತ್ತು ಬೈಕ್ ಒಂದೇ ತುಂಡಿನ ಹಾಗೆ. ಬೈಕ್ ಎಷ್ಟು ವಾಲುತ್ತದೋ ಸವಾರನೂ ಅಷ್ಟೇ ವಾಲುತ್ತಾನೆ. ಮಣ್ಣು, ಜಲ್ಲಿ, ಮರಳಿನಲ್ಲಿ ಚಕ್ರದ ಕೆಳಗಿನ ನೆಲವೇ ಜರುಗುತ್ತಿರುತ್ತದೆ. ಅದರ ಜೊತೆ ಬೈಕ್ ಕೂಡ ಸ್ವಲ್ಪ ಸ್ವಲ್ಪ ಜರುಗಲೇಬೇಕು. ಸವಾರ ಮಾತ್ರ ನೆಟ್ಟಗಿರಬೇಕು. ಅಂದರೆ ಇಬ್ಬರೂ ಬೇರೆ ಬೇರೆಯಾಗಿ ಚಲಿಸಬೇಕು. ಬೈಕ್ ಸಜ್ಜು ಮಾಡುವಾಗಲೂ ಓಡಿಸುವಾಗಲೂ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದರಿಂದ ನನ್ನ ಕೆಳಗೆ ಬೈಕ್‌ಗೆ ಅಲುಗಾಡಲು ಜಾಗ ಸಿಗುತ್ತದಾ, ಇಲ್ವಾ?

ಮೊದಲು ತೂಕದ ಮಾತು

ನಂಬರ್ ಪ್ಲೇಟ್, ಲೈಟ್, ಕನ್ನಡಿ ಎಲ್ಲ ಇದ್ದು ರಸ್ತೆಯಲ್ಲಿ ಓಡಿಸಲು ಪರವಾನಗಿ ಇರುವ, ಆದರೆ ಮಣ್ಣಿಗೆಂದೇ ಕಟ್ಟಿದ ಬೈಕನ್ನು ಡ್ಯುಯಲ್ ಸ್ಪೋರ್ಟ್ ಅನ್ನುತ್ತಾರೆ. 1968ರಲ್ಲಿ ಯಮಹಾ ತಂದ 250 ಸಿಸಿಯ ಡಿಟಿ-1 ಈ ಬಗೆಯ ಬೈಕನ್ನು ಜನಪ್ರಿಯ ಮಾಡಿತು. 1980ರಲ್ಲಿ ಬಿಎಂಡಬ್ಲ್ಯು ಆರ್ 80 ಜಿ/ಎಸ್ ಬಂತು. ದೊಡ್ಡ ಎಂಜಿನ್‌ನ ಅಡ್ವೆಂಚರ್ ಬೈಕ್‌ಗಳ ಕವಲು ಅಲ್ಲಿಂದ ಒಡೆಯಿತು. ಎರಡರ ನಡುವಿನ ಅಂತರ ತೂಕದಲ್ಲಿ ಕಾಣುತ್ತದೆ. ಹೋಂಡಾ ಸಿಆರ್‌ಎಫ್ 300 ಎಲ್ ಪೆಟ್ರೋಲ್ ತುಂಬಿದ ಮೇಲೂ ಸುಮಾರು 142 ಕೆಜಿ. ಬಿಎಂಡಬ್ಲ್ಯು ಆರ್ 1250 ಜಿಎಸ್ ಸುಮಾರು 250 ಕೆಜಿ. ಹೆದ್ದಾರಿಯಲ್ಲಿ ಈ ನೂರು ಕೆಜಿ ಗೊತ್ತೇ ಆಗುವುದಿಲ್ಲ. ಮರಳಲ್ಲಿ ಬಿದ್ದ ಬೈಕನ್ನು ಒಬ್ಬರೇ ಮೂರನೇ ಸಲ ಎತ್ತುವಾಗ ಅದು ಬಿಟ್ಟು ಬೇರೇನೂ ತಲೆಗೆ ಬರುವುದಿಲ್ಲ.

ಮಣ್ಣಿನ ಬೈಕ್‌ಗೆ ಮುಂದೆ 21 ಇಂಚಿನ, ಹಿಂದೆ 18 ಇಂಚಿನ ಚಕ್ರ ಇರುವುದಕ್ಕೂ ಕಾರಣವಿದೆ. ಕಲ್ಲು ಅಷ್ಟೇ ಎತ್ತರದ್ದಾದರೂ ದೊಡ್ಡ ಚಕ್ರ ಅದನ್ನು ಕಡಿಮೆ ಕೋನದಲ್ಲಿ ಮುಟ್ಟುತ್ತದೆ. ಹಾಗಾಗಿ ಗುದ್ದಿ ನಿಲ್ಲುವ ಬದಲು ಉರುಳಿ ದಾಟುತ್ತದೆ. ಮುಂದಿನ ಟೈರ್ ಕಿರಿದಾಗಿರುವುದರಿಂದ ಸಡಿಲ ಮಣ್ಣನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹುಡುಕುತ್ತದೆ. ಇನ್ನು ಸಸ್ಪೆನ್ಷನ್. ರಸ್ತೆ ಬೈಕ್‌ಗಳಲ್ಲಿ ಚಕ್ರ ಮೇಲೆ ಕೆಳಗೆ ಓಡಾಡುವ ದೂರ ಸಾಮಾನ್ಯವಾಗಿ 120–130 ಮಿಲಿಮೀಟರ್. ಸಿಆರ್‌ಎಫ್ 300 ಎಲ್‌ನಲ್ಲಿ 260. ಹೀರೋ ಎಕ್ಸ್‌ಪಲ್ಸ್ 200ರ ಮುಂದಿನ ಫೋರ್ಕ್‌ನಲ್ಲಿ 190. ಇದನ್ನು ಸಸ್ಪೆನ್ಷನ್ ಟ್ರಾವೆಲ್ ಅನ್ನುತ್ತಾರೆ.

ನನ್ನನ್ನು ಕೇಳಿದರೆ, ಮಣ್ಣುದಾರಿಯಲ್ಲೇ ಜಾಸ್ತಿ ದಿನ ಕಳೆಯುವವರಿಗೆ ಎಂಜಿನ್ ಸಿಸಿಗಿಂತ ತೂಕವೇ ಮುಖ್ಯ. ನೀವು ಒಬ್ಬರೇ ಎತ್ತಿ ನಿಲ್ಲಿಸಬಲ್ಲ ಬೈಕ್ ತಗೊಳ್ಳಿ.

ನಿಂತು ನೋಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ

ಹೊಸ ಬೈಕ್‌ಗೆ ಮೊದಲು ಏನು ಹಾಕಿಸಬೇಕು ಅಂತ ಎಲ್ಲರೂ ಕೇಳುತ್ತಾರೆ. ಏನೂ ಹಾಕಿಸುವ ಮೊದಲು ಬೈಕನ್ನು ಸ್ಟ್ಯಾಂಡ್ ಮೇಲೆ ನೆಟ್ಟಗೆ ನಿಲ್ಲಿಸಿ, ನೀವು ಹಾಕಿಕೊಳ್ಳುವ ದಪ್ಪ ಬೂಟನ್ನೇ ಹಾಕಿಕೊಂಡು ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲಿ. ಬೈಕ್ ವಾಲದಂತೆ ಯಾರಾದರೂ ಹಿಡಿದುಕೊಳ್ಳಲಿ. ಮಂಡಿ ಸ್ವಲ್ಪ ಬಾಗಿರಲಿ, ಸೊಂಟ ಸ್ವಲ್ಪ ಹಿಂದಿರಲಿ. ಈಗ ಕೈ ಚಾಚಿ. ಹ್ಯಾಂಡಲ್ ಹಿಡಿಯಲು ಬೆನ್ನು ಗೂನಾಗುತ್ತದಾ? ಹಾಗಾದರೆ ಹ್ಯಾಂಡಲ್ ಸ್ವಲ್ಪ ಮೇಲೆ ಬರಬೇಕು. ಕೆಳಗೆ ರೈಸರ್ ಎಂಬ ಲೋಹದ ತುಂಡು ಕೂರಿಸಿ ಇದನ್ನು ಮಾಡುತ್ತಾರೆ. ಎಷ್ಟೋ ಸಲ ಹ್ಯಾಂಡಲನ್ನು ಅದರ ಹಿಡಿಕೆಯಲ್ಲೇ ಮುಂದಕ್ಕೆ ತಿರುಗಿಸಿದರೂ ಸಾಕಾಗುತ್ತದೆ.

ಆಮೇಲೆ ಬೆರಳುಗಳನ್ನು ನೋಡಿ. ಕಂಪನಿಯಿಂದ ಬರುವಾಗ ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳನ್ನು ಕೂತು ಓಡಿಸುವವರಿಗೆ ಹೊಂದುವಂತೆ ಇಟ್ಟಿರುತ್ತಾರೆ. ನಿಂತು ಅದೇ ಲಿವರ್ ಹಿಡಿಯಲು ಹೋದರೆ ಮಣಿಕಟ್ಟು ಮೇಲಕ್ಕೆ ಮಡಚಿಕೊಳ್ಳುತ್ತದೆ. ಎರಡು ಗಂಟೆ ಹಾಗೇ ಓಡಿಸಿದರೆ ಮುಂಗೈ ಮರಗಟ್ಟುತ್ತದೆ. ಮುಂಗೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬರುವ ತನಕ ಲಿವರ್‌ಗಳನ್ನು ಕೆಳಕ್ಕೆ ತಿರುಗಿಸಿ. ಬೋಲ್ಟನ್ನು ಪೂರ್ತಿ ಬಿಗಿ ಮಾಡಬೇಡಿ. ಬಲವಾಗಿ ತಳ್ಳಿದರೆ ಲಿವರ್ ಹಿಡಿಕೆ ಹ್ಯಾಂಡಲ್ ಮೇಲೆ ತಿರುಗುವಷ್ಟು ಸಡಿಲ ಇರಲಿ. ಬೈಕ್ ಬಿದ್ದಾಗ ಲಿವರ್ ಮುರಿಯುವ ಬದಲು ತಿರುಗಿಕೊಳ್ಳುತ್ತದೆ. ಹಿಂದಿನ ಬ್ರೇಕ್ ಪೆಡಲ್ ಮತ್ತು ಗೇರ್ ಲಿವರ್ ಕೂಡ ನಿಂತ ಬೂಟಿಗೆ ಸಿಗುವ ಎತ್ತರದಲ್ಲಿರಬೇಕು. ಇಷ್ಟಕ್ಕೆ ಕಾಸು ಖರ್ಚಿಲ್ಲ, ಅರ್ಧ ಗಂಟೆ ಸಾಕು. ಆದರೂ ಬೇರೆ ಯಾವ ಬಿಡಿಭಾಗವೂ ಇಷ್ಟು ಬದಲಾವಣೆ ತರುವುದಿಲ್ಲ.

ಹಾಕಿಸಲೇಬೇಕಾದವು ಕಡಿಮೆ. ಎಂಜಿನ್ ಕೆಳಗೆ ಕಲ್ಲೇಟು ತಡೆಯುವ ಬ್ಯಾಷ್ ಪ್ಲೇಟ್. ಒಳಗೆ ಅಲ್ಯೂಮಿನಿಯಂ ಪಟ್ಟಿ ಇರುವ ಹ್ಯಾಂಡ್ ಗಾರ್ಡ್. ಹಲ್ಲುಗಳಿರುವ ಅಗಲವಾದ ಫುಟ್‌ಪೆಗ್, ಅಂದರೆ ಫುಟ್‌ರೆಸ್ಟ್. ರೇಡಿಯೇಟರ್ ಇದ್ದರೆ ಅದಕ್ಕೊಂದು ಗಾರ್ಡ್. ಉಳಿದದ್ದನ್ನು ಎರಡು ಪ್ರಯಾಣ ಮುಗಿಸಿದ ಮೇಲೆ ಯೋಚಿಸಿ.

ಸ್ಯಾಗ್: ಒಂದು ಟೇಪು, ಮೂರು ಅಳತೆ

ಸಸ್ಪೆನ್ಷನ್ ಅಂದ ಕೂಡಲೇ ಜನ ಹೆದರುತ್ತಾರೆ. ಅದರ ಬುಡದ ವಿಷಯ ಮಾತ್ರ ತುಂಬಾ ಸರಳ. ನೀವು ಕೂತಾಗ ಬೈಕ್ ಎಷ್ಟು ಕುಸಿಯುತ್ತದೆ? ಈ ಕುಸಿತಕ್ಕೆ ಸ್ಯಾಗ್ ಅನ್ನುತ್ತಾರೆ. ಒಂದು ಚೂರೂ ಕುಸಿಯದಿದ್ದರೆ ಚಕ್ರಕ್ಕೆ ಗುಂಡಿಯೊಳಗೆ ಇಳಿಯಲು ಜಾಗವಿಲ್ಲ. ಜಾಸ್ತಿ ಕುಸಿದರೆ ಕಲ್ಲು ಬಂದಾಗ ಮೇಲೇರಲು ಜಾಗವಿಲ್ಲ. ಒಟ್ಟು ಟ್ರಾವೆಲ್‌ನ ಮೂರನೇ ಒಂದು ಭಾಗದಷ್ಟು ಕುಸಿದರೆ ಎರಡೂ ಕಡೆ ಜಾಗ ಉಳಿಯುತ್ತದೆ. 260 ಮಿಲಿಮೀಟರ್ ಟ್ರಾವೆಲ್‌ಗೆ ಹತ್ತಿರ ಹತ್ತಿರ 85.

ಅಳೆಯುವುದು ಹೀಗೆ. ಹಿಂದಿನ ಚಕ್ರ ನೆಲ ಬಿಡುವಂತೆ ಬೈಕನ್ನು ಎತ್ತಿ ನಿಲ್ಲಿಸಿ. ಆಕ್ಸಲ್‌ನ ನಡುವಿನಿಂದ ನೇರ ಮೇಲೆ ಮಡ್‌ಗಾರ್ಡ್‌ನಲ್ಲಿ ಒಂದು ಗುರುತು ಹಾಕಿ, ದೂರ ಅಳೆಯಿರಿ. 600 ಬಂತು ಅಂದುಕೊಳ್ಳೋಣ. ಈಗ ಬೈಕನ್ನು ಕೆಳಗಿಳಿಸಿ, ಯಾರೂ ಕೂರದೆ ಅಳೆಯಿರಿ. 570 ಬಂತು. ಕೊನೆಗೆ ನೀವು ಹೆಲ್ಮೆಟ್, ಬೂಟು ಎಲ್ಲ ಹಾಕಿಕೊಂಡು, ಪ್ರಯಾಣದ ಸಾಮಾನನ್ನೂ ಕಟ್ಟಿ, ಮೇಲೆ ಕೂತು ಬೇರೆಯವರಿಂದ ಅಳೆಸಿ. 490 ಬಂತು. ಅಂದರೆ ಒಟ್ಟು 110 ಮಿಲಿಮೀಟರ್ ಕುಸಿದಿದೆ. 25ರಷ್ಟು ಜಾಸ್ತಿ.

ಈ 25 ಮಿಲಿಮೀಟರ್ ದಾರಿಯಲ್ಲಿ ಹೇಗೆ ಗೊತ್ತಾಗುತ್ತದೆ ಅಂತೀರಾ? ಹಿಂದೆ ಕುಸಿದರೆ ಬೈಕ್‌ನ ಮೂತಿ ಮೇಲೇಳುತ್ತದೆ. ಮುಂದಿನ ಚಕ್ರದ ಮೇಲೆ ಭಾರ ಕಡಿಮೆಯಾಗುತ್ತದೆ. ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದರೂ ಬೈಕ್ ಹೊರಗಡೆಗೇ ಹೋಗುತ್ತದೆ. ನಿಮ್ಮ ಕೈಯೇ ಸರಿಯಿಲ್ಲ ಅಂತ ನೀವು ಕೊರಗುತ್ತೀರಿ. ಪರಿಹಾರಕ್ಕೆ ಹಿಂದಿನ ಶಾಕ್‌ನ ಸ್ಪ್ರಿಂಗನ್ನು ಮೊದಲೇ ಅದುಮಿಡುವ ಪ್ರಿಲೋಡ್ ರಿಂಗ್ ಬಿಗಿ ಮಾಡಿ, 85ರ ಹತ್ತಿರ ತನ್ನಿ. ಆಮೇಲೆ ಎರಡನೇ ಅಳತೆಯನ್ನು, ಅಂದರೆ ಸಾಮಾನೂ ಸವಾರನೂ ಇಲ್ಲದ ಬೈಕ್‌ನ ಕುಸಿತವನ್ನು, ಇನ್ನೊಮ್ಮೆ ನೋಡಿ. ಅದು ಸುಮಾರು 25ರಿಂದ 35ರೊಳಗೆ ಇದ್ದರೆ ಸರಿ. ತನ್ನ ಭಾರಕ್ಕೆ ಬೈಕ್ ಕುಸಿಯುವುದೇ ಇಲ್ಲ ಅನ್ನುವಂತಿದ್ದರೆ ನಿಮ್ಮ ಭಾರಕ್ಕೆ ಆ ಸ್ಪ್ರಿಂಗ್ ಮೆದು ಅಂತ ಅರ್ಥ. ಗಟ್ಟಿ ಸ್ಪ್ರಿಂಗ್ ಹಾಕಿಸಬೇಕು. ಪ್ರಿಲೋಡ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಆಗುವುದಿಲ್ಲ. ಬೈಕ್ ನಿಲ್ಲುವ ಎತ್ತರ ಬದಲಾಗುತ್ತದೆ, ಅಷ್ಟೇ. ಸ್ಪ್ರಿಂಗ್‌ನ ಗುಣ ಅದರ ಉಕ್ಕಿನಲ್ಲೇ ಇರುತ್ತದೆ.

ಡ್ಯಾಂಪಿಂಗ್ ತಿರುಪುಗಳಿದ್ದರೆ ಅವನ್ನು ಆಮೇಲೆ ಮುಟ್ಟಿ. ಗುದ್ದು ಬಿದ್ದಾಗ ಶಾಕ್ ಎಷ್ಟು ಬೇಗ ಒಳಗೆ ಹೋಗಬೇಕು ಅನ್ನುವುದನ್ನು ಕಂಪ್ರೆಷನ್ ತಿರುಪು ನಿರ್ಧರಿಸುತ್ತದೆ. ಎಷ್ಟು ಬೇಗ ವಾಪಸ್ ಬರಬೇಕು ಅನ್ನುವುದು ರಿಬೌಂಡ್ ತಿರುಪಿನ ಕೆಲಸ. ರಿಬೌಂಡ್ ತೀರಾ ಬೇಗ ಆದರೆ ಸೀಟು ನಿಮ್ಮನ್ನು ಮೇಲಕ್ಕೆ ಎಸೆಯುತ್ತದೆ. ತೀರಾ ನಿಧಾನ ಆದರೆ ಸಾಲು ಸಾಲು ಉಬ್ಬುಗಳ ಮೇಲೆ ಶಾಕ್ ವಾಪಸ್ ಬರುವ ಮೊದಲೇ ಮುಂದಿನ ಗುದ್ದು ಬೀಳುತ್ತದೆ. ಪ್ರತಿ ಉಬ್ಬಿಗೂ ಬೈಕ್ ಇನ್ನಷ್ಟು ಕೆಳಗಿಳಿದು ಕಲ್ಲಿನಷ್ಟು ಗಡುಸಾಗುತ್ತದೆ. ಒಂದು ಸಲಕ್ಕೆ ಒಂದೇ ತಿರುಪು, ಎರಡೇ ಕ್ಲಿಕ್. ಅದೇ ದಾರಿಯ ಅದೇ ತುಂಡಿನಲ್ಲಿ ಓಡಿಸಿ ನೋಡಿ, ಚೀಟಿಯಲ್ಲಿ ಬರೆದುಕೊಳ್ಳಿ.

ಟೈರ್ ಮತ್ತು ಗಾಳಿ

ಗಾಳಿ ಕಡಿಮೆ ಮಾಡಿದರೆ ಟೈರ್ ನೆಲಕ್ಕೆ ಉದ್ದವಾಗಿ ಅಂಟುತ್ತದೆ. ಕಲ್ಲಿನ ಸುತ್ತ ಬಳಸಿಕೊಳ್ಳುತ್ತದೆ. ಸಣ್ಣ ಗುದ್ದುಗಳನ್ನು ಸಸ್ಪೆನ್ಷನ್‌ಗೆ ಬಿಡದೆ ತಾನೇ ನುಂಗುತ್ತದೆ. ಅದೇ ಹೊತ್ತಿಗೆ ಚೂಪು ಕಲ್ಲಿಗೆ ಗುದ್ದಿದಾಗ ಟ್ಯೂಬ್ ರಿಮ್‌ಗೂ ಕಲ್ಲಿಗೂ ನಡುವೆ ಸಿಕ್ಕಿ ಎರಡು ತೂತಾಗುವ ಅಪಾಯವೂ ಹೆಚ್ಚುತ್ತದೆ. ಹಾವು ಕಚ್ಚಿದ ಗುರುತಿನ ಹಾಗೆ ಅಕ್ಕಪಕ್ಕ ಎರಡು ತೂತು ಕಂಡರೆ ಮುಳ್ಳು ಹುಡುಕಬೇಡಿ. ಗಾಳಿ ಕಡಿಮೆ ಇತ್ತು ಅಂತ ಅರ್ಥ.

ಸಾಮಾನು ಕಟ್ಟಿದ, ಟ್ಯೂಬ್ ಇರುವ ಹಗುರ ಡ್ಯುಯಲ್ ಸ್ಪೋರ್ಟ್‌ಗೆ ನಾನು ಡಾಂಬರಿನಲ್ಲಿ 28–30 ಪಿಎಸ್‌ಐ, ಜಲ್ಲಿ ಮತ್ತು ಗಟ್ಟಿ ಮಣ್ಣಿನಲ್ಲಿ 22–25 ಇಡುತ್ತೇನೆ. ಮರಳು, ಕೆಸರಿನಲ್ಲಿ 15–18ರವರೆಗೆ ಇಳಿಸುತ್ತೇನೆ, ಆದರೆ ರಿಮ್ ಲಾಕ್ ಇದ್ದರೆ ಮಾತ್ರ. ಚೂಪು ಕಲ್ಲುಗಳಿರುವ ಕಡೆ ಮತ್ತೆ ಮೇಲೇರಿಸುತ್ತೇನೆ. ಟೈರ್ ತಣ್ಣಗಿರುವಾಗ ಅಳೆಯಿರಿ. ಯಾವಾಗಲೂ ಒಂದೇ ಮೀಟರ್ ಬಳಸಿ. ಎರಡು ಮೀಟರ್‌ಗಳು ಒಂದೇ ಲೆಕ್ಕ ತೋರಿಸುವುದು ಅಪರೂಪ.

ರಿಮ್ ಲಾಕ್ ಯಾಕೆ ಅನ್ನುವುದನ್ನು ನಾನು ಕಲಿತದ್ದು ಒಂದು ಒಣಗಿದ ಹೊಳೆಯ ಪಾತ್ರದಲ್ಲಿ. ಗಾಳಿ ಇಳಿಸಿ ಮರಳಲ್ಲಿ ಚೆನ್ನಾಗಿ ಹೋಗುತ್ತಿದ್ದೆ. ನಿಂತು ನೀರು ಕುಡಿಯುವಾಗ ಹಿಂದಿನ ಚಕ್ರದ ವಾಲ್ವ್ ಕಡೆ ಕಣ್ಣು ಹೋಯಿತು. ನೆಟ್ಟಗಿರಬೇಕಾದ ವಾಲ್ವ್ ಒಂದು ಕಡೆ ವಾಲಿತ್ತು. ಏನೋ ಇರಲಿ ಅಂತ ಮುಂದೆ ಹೋದೆ. ಸ್ವಲ್ಪ ದೂರದಲ್ಲೇ ವಾಲ್ವ್ ಬುಡದಲ್ಲಿ ಕಿತ್ತುಹೋಯಿತು. ಗಾಳಿ ಕಡಿಮೆ ಇದ್ದಾಗ ಎಂಜಿನ್ ಎಳೆತಕ್ಕೆ ರಿಮ್ ಒಳಗಡೆ ತಿರುಗುತ್ತದೆ, ಟೈರ್ ಹಿಂದೆ ಉಳಿಯುತ್ತದೆ. ಟೈರ್ ಜೊತೆ ಟ್ಯೂಬ್ ಜರುಗುತ್ತದೆ. ವಾಲ್ವ್ ಮಾತ್ರ ರಿಮ್‌ನ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ಹಾಗೆ ಹರಿದ ಟ್ಯೂಬ್‌ಗೆ ಪ್ಯಾಚ್ ಹಾಕಲಾಗುವುದಿಲ್ಲ. ರಿಮ್ ಲಾಕ್ ಟೈರನ್ನು ರಿಮ್‌ಗೆ ಕಚ್ಚಿ ಹಿಡಿಯುತ್ತದೆ. ಇನ್ನೊಂದು ಸಣ್ಣ ವಿಷಯ: ವಾಲ್ವ್‌ನ ಹೊರಗಿನ ನಟ್ಟನ್ನು ರಿಮ್‌ಗೆ ಬಿಗಿಯಬೇಡಿ. ಅದನ್ನು ಮೇಲೆ ಕ್ಯಾಪ್ ತನಕ ತಿರುಗಿಸಿಡಿ. ಟ್ಯೂಬ್ ಜರುಗಿದರೆ ವಾಲ್ವ್ ವಾಲಿ ನಿಮಗೆ ಮೊದಲೇ ತಿಳಿಸುತ್ತದೆ.

ಪಂಚರ್ ಹಾಕುವುದನ್ನು ಮನೆಯಲ್ಲೇ, ನೀವು ಒಯ್ಯುವ ಸಾಮಾನಿನಿಂದಲೇ, ಕಡಿಮೆ ಅಂದರೂ ಎರಡು ಸಲ ಮಾಡಿ ನೋಡಿ. ಟೈರ್ ರಿಮ್‌ಗೆ ವಾಪಸ್ ಕೂರುವಾಗ ಕೊನೆಯ ಗೇಣುದ್ದ ಭಾಗ ಎಷ್ಟು ಒತ್ತಿದರೂ ಹೋಗುವುದಿಲ್ಲ. ಅಲ್ಲಿ ಬಲ ಹಾಕಿದರೆ ಟೈರ್ ಕೂರಿಸುವ ಲಿವರ್ ಟ್ಯೂಬನ್ನೇ ಕಚ್ಚುತ್ತದೆ. ಗುಟ್ಟು ಎದುರು ಬದಿಯಲ್ಲಿದೆ. ರಿಮ್‌ನ ನಡುವೆ ಒಂದು ತಗ್ಗು ಇರುತ್ತದೆ. ಎದುರು ಬದಿಯ ಟೈರ್ ಅಂಚನ್ನು ಮಂಡಿಯಿಂದ ಒತ್ತಿ ಆ ತಗ್ಗಿಗೆ ಇಳಿಸಿ. ಈ ಕಡೆ ತಾನಾಗಿ ಸಡಿಲ ಸಿಗುತ್ತದೆ. ಟ್ಯೂಬ್ ಒಳಗೆ ಹಾಕುವ ಮೊದಲು ಸ್ವಲ್ಪ ಗಾಳಿ ತುಂಬಿ ದುಂಡಗೆ ಮಾಡಿಕೊಳ್ಳಿ, ಮಡಚಿಕೊಳ್ಳುವುದಿಲ್ಲ. ಅದಕ್ಕೂ ಮೊದಲು ಟೈರ್ ಒಳಗೆ ಬೆರಳಾಡಿಸಿ ಮುಳ್ಳು ಇನ್ನೂ ಅಲ್ಲೇ ಇದೆಯಾ ನೋಡಿ. ಒಂದೇ ಹೆಚ್ಚುವರಿ ಟ್ಯೂಬ್ ಒಯ್ಯುವುದಾದರೆ 21 ಇಂಚಿನದು ಒಯ್ಯಿರಿ. ಕಷ್ಟಕಾಲಕ್ಕೆ ಅದನ್ನು 18ರ ಟೈರ್‌ಗೂ ತುರುಕಬಹುದು.

ಚೈನ್, ಗೇರಿಂಗ್, ಮೂಟೆ

ಚೈನ್ ಸಡಿಲದ ಬಗ್ಗೆ ಒಂದು ಎಚ್ಚರಿಕೆ. ಮುಂದಿನ ಸ್ಪ್ರಾಕೆಟ್, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್‌ಆರ್ಮ್‌ನ ಕೀಲು, ಹಿಂದಿನ ಆಕ್ಸಲ್ ಈ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗಿರುತ್ತದೆ. ಉದ್ದ ಟ್ರಾವೆಲ್‌ನ ಬೈಕ್ ಖಾಲಿ ನಿಂತಾಗ ಆ ಸ್ಥಿತಿ ಬರುವುದಿಲ್ಲ. ನೀವು ಸಾಮಾನು ಸಮೇತ ಕೂತು ಗುಂಡಿಗೆ ಬಿದ್ದಾಗ ಬರುತ್ತದೆ. ಖಾಲಿ ನಿಂತಾಗ ಬಿಗಿಯಾಗಿ ಅಂದವಾಗಿ ಕಾಣುವ ಚೈನ್ ಆಗ ಬೇರಿಂಗ್‌ಗಳನ್ನು ತಿನ್ನುತ್ತದೆ. ಕೈಪಿಡಿ ಹೇಳುವ ಅಳತೆಯ ಸಡಿಲ ತುದಿಗೆ ಇಡಿ.

ಕಡಿದಾದ ದಾರಿಯಲ್ಲಿ ಮೊದಲ ಗೇರ್ ಕೂಡ ವೇಗ ಅನ್ನಿಸಿದರೆ ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಡಿಮೆ ಮಾಡಿ. 14ರ ಬದಲು 13 ಹಾಕಿದರೆ ಎಂಜಿನ್ ಎಳೆತ ಸುಮಾರು ಶೇ 8ರಷ್ಟು ಹೆಚ್ಚುತ್ತದೆ. ಹಿಂದೆ ಮೂರು ಹಲ್ಲು ಹೆಚ್ಚಿಸಿದ್ದಕ್ಕೆ ಅದು ಹೆಚ್ಚುಕಡಿಮೆ ಸಮ. ಹೆದ್ದಾರಿಯಲ್ಲಿ ಎಂಜಿನ್ ಸ್ವಲ್ಪ ಜಾಸ್ತಿ ಕೂಗುತ್ತದೆ. ನನಗೆ ಅದು ಒಪ್ಪಿಗೆ.

ಮೂಟೆ ಕಟ್ಟುವುದರಲ್ಲಿ ಮಾತ್ರ ನಾನು ಹಟಮಾರಿ. ಗಟ್ಟಿ ಲೋಹದ ಪೆಟ್ಟಿಗೆ ಬೇಡ, ಬಟ್ಟೆಯ ಚೀಲ ಸಾಕು. ಮಣ್ಣಲ್ಲಿ ತೋಲ ತಪ್ಪಿದಾಗ ಕಾಲು ನೆಲಕ್ಕೆ ಊರುತ್ತೇವೆ. ಬೈಕ್ ಮುಂದೆ ಹೋಗುತ್ತಿರುತ್ತದೆ, ಹಿಂದಿನಿಂದ ಬರುವ ಪೆಟ್ಟಿಗೆ ಮೀನಖಂಡಕ್ಕೆ ಬಡಿದು ಕಾಲನ್ನು ಅಡಿಗೆ ಎಳೆದುಕೊಳ್ಳುತ್ತದೆ. ಮೂಳೆ ಮುರಿಯಲು ಅಷ್ಟು ಸಾಕು. ಬಟ್ಟೆ ಚೀಲವಾದರೆ ಬಗ್ಗುತ್ತದೆ. ಒಟ್ಟು 15–20 ಕೆಜಿ ದಾಟದಿರಲಿ. ಟೂಲ್ಸ್, ನೀರಿನಂಥ ಭಾರದ ವಸ್ತು ಕೆಳಗೆ, ನಿಮ್ಮ ಸೀಟಿಗೆ ಹತ್ತಿರ ಇರಲಿ. ಹಿಂದಿನ ಆಕ್ಸಲ್ ದಾಟಿ ಆಚೆ ಕಟ್ಟಿದ ಒಂದೊಂದು ಕೆಜಿಯೂ ಮೂತಿಯನ್ನು ಮೇಲೆತ್ತುತ್ತದೆ, ಬಾಲವನ್ನು ಬೀಸುತ್ತದೆ. ಇನ್ನೊಂದು ಮಾತು. ಚೀಲ ಎಷ್ಟೇ ಹಗುರವಿದ್ದರೂ ನೀವು ನಿಂತು ಸೊಂಟ ಹಿಂದೆ ಸರಿಸುವ ಜಾಗದಲ್ಲಿ ಕೂರಿಸಬೇಡಿ. ಅಲ್ಲಿ ಮೂಟೆ ಬಂದರೆ ನೀವು ಮತ್ತೆ ಬೈಕ್‌ಗೆ ಕಟ್ಟಿಹಾಕಿದ ಸಾಮಾನೇ ಆಗುತ್ತೀರಿ.

ಟೂಲ್ಸ್ ಯಾವುದು ಬೇಕು ಅಂತ ತಿಳಿಯಲು ಸುಲಭ ದಾರಿ ಇದೆ. ಮನೆಯಲ್ಲಿ ಸರ್ವಿಸ್ ಮಾಡುವಾಗ ದೊಡ್ಡ ಪೆಟ್ಟಿಗೆ ಮುಟ್ಟದೆ ಬೈಕ್‌ನಲ್ಲಿ ಒಯ್ಯುವ ಚೀಲದಿಂದಲೇ ಎಲ್ಲ ಮಾಡಿ. ಕೈಗೆ ಸಿಗದೆ ಪರದಾಡಿದ್ದನ್ನು ಚೀಲಕ್ಕೆ ಸೇರಿಸಿ, ಒಮ್ಮೆಯೂ ಮುಟ್ಟದ್ದನ್ನು ತೆಗೆಯಿರಿ. ಚೈನ್ ಲಿಂಕ್, ಫ್ಯೂಸ್, ಕ್ಲಚ್ ಲಿವರ್, ಕೇಬಲ್, ಲೋಹಕ್ಕೆ ಅಂಟುವ ಎಪಾಕ್ಸಿ, ಜಿಪ್ ಟೈ, ಗಾಳಿ ಪಂಪು ಇವು ಹೇಗೂ ಇರಲಿ.

ಓಡಿಸುವುದು

ನಿಂತು ಓಡಿಸಿದರೆ ಭಾರದ ಕೇಂದ್ರ ಕೆಳಗೆ ಬರುತ್ತದೆ ಅಂತ ಹೇಳುವವರಿದ್ದಾರೆ. ನಿಜ ಹೇಳಬೇಕೆಂದರೆ ನಿಂತಾಗ ನಮ್ಮ ದೇಹ ಮೇಲೆ ಹೋಗುತ್ತದೆ, ಕೇಂದ್ರವೂ ಮೇಲೆ ಹೋಗುತ್ತದೆ. ನಿಲ್ಲುವುದರ ಲಾಭ ಬೇರೆ. ಕೂತಾಗ ಸೀಟು ಎತ್ತಿದ ಕಡೆ ನೀವೂ ಏಳಬೇಕು. ನಿಂತಾಗ ಮಂಡಿ ಮತ್ತು ಸೊಂಟ ಎರಡನೇ ಸಸ್ಪೆನ್ಷನ್ ಆಗುತ್ತವೆ. ಬೈಕ್ ಎಡಕ್ಕೆ ವಾಲಿದರೂ ನಿಮ್ಮ ತಲೆ ದಾರಿಯ ಮೇಲೇ ನಿಲ್ಲುತ್ತದೆ. ಬಲಗಾಲನ್ನು ಒತ್ತಿ ಬೈಕನ್ನು ಬಲಕ್ಕೆ ವಾಲಿಸಬಹುದು. ಮಂಡಿ ಟ್ಯಾಂಕನ್ನು ಮೆಲ್ಲಗೆ ಮುಟ್ಟಿರಲಿ. ಕೈಗಳು ಹ್ಯಾಂಡಲ್ ಮೇಲೆ ಹಕ್ಕಿ ಹಿಡಿದ ಹಾಗಿರಲಿ. ಕೈ ಬಿಗಿಯಾಗುತ್ತಿದೆ ಅನ್ನಿಸಿದಾಗ ನಾನು ಬೆರಳು ಆಡಿಸುತ್ತೇನೆ. ಆಡದಿದ್ದರೆ ಕೈ ನನ್ನ ಭಾರ ಹೊತ್ತಿದೆ ಅಂತ ಗೊತ್ತಾಗುತ್ತದೆ, ಸೊಂಟ ಹಿಂದೆ ಸರಿಸುತ್ತೇನೆ.

ನೋಟ ದೂರ ಇರಬೇಕು. ಎದುರಿನ ಕಲ್ಲನ್ನೇ ದಿಟ್ಟಿಸಿದರೆ ಬೈಕ್ ಅದನ್ನೇ ಹುಡುಕಿಕೊಂಡು ಹೋಗುತ್ತದೆ. ಇದು ಎಲ್ಲರಿಗೂ ಗೊತ್ತಿದ್ದೂ ಎಲ್ಲರೂ ಮರೆಯುವ ಮಾತು.

ಮಣ್ಣಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬಾರದು ಅನ್ನುವ ಸಲಹೆ ತುಂಬಾ ಕೇಳಿಬರುತ್ತದೆ. ಅದನ್ನು ನಂಬಬೇಡಿ. ನಿಲ್ಲಿಸುವ ಶಕ್ತಿ ಮಣ್ಣಲ್ಲೂ ಹೆಚ್ಚಾಗಿ ಮುಂದಿನ ಚಕ್ರದಲ್ಲೇ ಇರುತ್ತದೆ. ಆದರೆ ಒಮ್ಮೆಲೇ ಹಿಡಿಯಬಾರದು. ಒಂದು ಬೆರಳಲ್ಲಿ ಮೆಲ್ಲಗೆ ಶುರು ಮಾಡಿ, ಭಾರ ಮುಂದೆ ಬಂದಂತೆ ಒತ್ತಡ ಹೆಚ್ಚಿಸಬೇಕು. ಹ್ಯಾಂಡಲ್ ತಿರುಗಿರುವಾಗ ಮಾತ್ರ ಬೇಡ. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರುವ ಹಲವು ಬೈಕ್‌ಗಳಲ್ಲಿ ಹಿಂದಿನ ಚಕ್ರಕ್ಕೆ ಅದನ್ನು ಬಂದ್ ಮಾಡಬಹುದು. ಸಡಿಲ ಮಣ್ಣಲ್ಲಿ ಲಾಕ್ ಆದ ಚಕ್ರ ತನ್ನ ಮುಂದೆ ಮಣ್ಣು ಗುಡ್ಡೆ ಹಾಕಿಕೊಂಡು ನಿಲ್ಲುತ್ತದೆ. ಎಬಿಎಸ್ ಅದಕ್ಕೆ ಬಿಡುವುದಿಲ್ಲ. ಇಳಿಜಾರಿನಲ್ಲಿ ಬೈಕ್ ನಿಲ್ಲದೆ ಹೋಗುತ್ತಲೇ ಇದೆ ಅನ್ನಿಸುವುದು ಇದರಿಂದಲೇ.

ತಿರುವಿನಲ್ಲಿ ಡಾಂಬರಿನ ಅಭ್ಯಾಸ ಪೂರ್ತಿ ತಲೆಕೆಳಗು. ರಸ್ತೆಯಲ್ಲಿ ದೇಹವನ್ನು ತಿರುವಿನ ಒಳಗೆ ವಾಲಿಸುತ್ತೇವೆ. ಮಣ್ಣಲ್ಲಿ ಬೈಕನ್ನು ಒಳಗೆ ವಾಲಿಸಿ ದೇಹವನ್ನು ನೆಟ್ಟಗೆ ಇಟ್ಟುಕೊಳ್ಳಬೇಕು. ಹೊರಗಡೆಯ ಫುಟ್‌ಪೆಗ್ ಮೇಲೆ ಭಾರ ಹಾಕಬೇಕು. ಆಗ ನಿಮ್ಮ ಭಾರ ಟೈರ್ ನೆಲ ಮುಟ್ಟುವ ಜಾಗದ ಮೇಲೆ ನೇರವಾಗಿ ಬೀಳುತ್ತದೆ, ಟೈರ್‌ನ ಅಂಚಿನ ಗುಬಟುಗಳು ನೆಲ ಕಚ್ಚುತ್ತವೆ. ಚಕ್ರ ಗೇಣುದ್ದ ಜಾರಿದರೂ ನೀವು ಅದರ ಮೇಲೇ ಇರುತ್ತೀರಿ.

ಮರಳು ಎಲ್ಲರನ್ನೂ ಹೆದರಿಸುತ್ತದೆ. ನಿಧಾನಕ್ಕೆ ಹೋದರೆ ಮುಂದಿನ ಚಕ್ರ ಹೂತು ಉಳುಮೆ ಶುರು ಮಾಡುತ್ತದೆ. ಎಕ್ಸಲರೇಟರ್ ಒಮ್ಮೆಲೇ ಬಿಟ್ಟರೂ ಅದೇ ಗತಿ, ಯಾಕಂದರೆ ಭಾರವೆಲ್ಲ ಮುಂದೆ ಬರುತ್ತದೆ. ಸೊಂಟ ಹಿಂದೆ ಸರಿಸಿ, ಎರಡನೇ ಅಥವಾ ಮೂರನೇ ಗೇರ್‌ನಲ್ಲಿ, ಎಂಜಿನ್ ಎಳೆಯುತ್ತಲೇ ಇರುವಂತೆ ನೋಡಿಕೊಳ್ಳಿ. ಒಂದು ವೇಗ ದಾಟಿದ ಮೇಲೆ ಚಕ್ರ ಮರಳಿನ ಮೇಲೆ ತೇಲುತ್ತದೆ. ಹ್ಯಾಂಡಲ್ ಆಗಲೂ ತೂಗಾಡುತ್ತಲೇ ಇರುತ್ತದೆ. ತೂಗಾಡಲಿ. ಅದನ್ನು ನೇರ ಮಾಡಲು ಹೋದವರೇ ಬೀಳುವುದು. ಕಾಲಿನಿಂದ ದಾರಿ ತೋರಿಸಿ, ಕೈಯಿಂದಲ್ಲ.

ಏರು ಹತ್ತಲಾಗದೆ ನಡುವೆ ನಿಂತಾಗ ಜನ ಮುಂದಿನ ಬ್ರೇಕ್ ಹಿಡಿಯುತ್ತಾರೆ. ಬೈಕ್ ಹಿಂದಕ್ಕೆ ಜಾರುತ್ತದೆ, ಯಾಕಂದರೆ ಭಾರವೆಲ್ಲ ಹಿಂದಿನ ಚಕ್ರದ ಮೇಲಿದೆ, ಮುಂದಿನದಕ್ಕೆ ಹಿಡಿತವೇ ಇಲ್ಲ. ಎಂಜಿನ್ ನಿಂತುಹೋಗಲಿ, ಗೇರ್‌ನಲ್ಲೇ ಇರಲಿ, ಕ್ಲಚ್ ಬಿಟ್ಟುಬಿಡಿ. ಆಗ ನಿಂತ ಎಂಜಿನ್ನೇ ಹಿಂದಿನ ಬ್ರೇಕ್ ಆಗುತ್ತದೆ. ಎರಡೂ ಕಾಲು ಊರಿ ಉಸಿರು ಎಳೆದುಕೊಳ್ಳಿ. ಆಮೇಲೆ ಮುಂದಿನ ಬ್ರೇಕನ್ನೂ ಕ್ಲಚ್ಚನ್ನೂ ಮೆಲ್ಲ ಮೆಲ್ಲನೆ ಹಿಡಿದು ಬಿಡುತ್ತಾ ಬೈಕನ್ನು ಚೂರು ಚೂರೇ ಹಿಂದಕ್ಕೆ, ಪಕ್ಕಕ್ಕೆ ತಿರುಗಿಸಿಕೊಂಡು ಬನ್ನಿ.

ನೀರು ದಾಟುವ ಮೊದಲು ನಡೆದು ನೋಡಿ. ನಡೆಯಲು ಹೆದರಿಕೆಯಾಗುವ ಹರಿವಿನಲ್ಲಿ ಬೈಕ್ ಇಳಿಸುವ ಮಾತೇ ಬೇಡ. ನಿಮ್ಮ ಬೈಕ್‌ನ ಗಾಳಿ ಒಳಗೆ ಹೋಗುವ ಬಾಯಿ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಅನ್ನುವುದು ಮೊದಲೇ ಗೊತ್ತಿರಲಿ. ನಡುನೀರಲ್ಲಿ ಬೈಕ್ ಬಿದ್ದರೆ ತಕ್ಷಣ ಕಿಲ್ ಸ್ವಿಚ್ ಒತ್ತಿ. ದಡಕ್ಕೆ ತಂದ ಮೇಲೆ ಸೆಲ್ಫ್ ಒತ್ತಬೇಡಿ. ಸಿಲಿಂಡರ್ ಒಳಗೆ ನೀರಿದ್ದರೆ ಅದನ್ನು ಗಾಳಿಯ ಹಾಗೆ ಅದುಮಲಾಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಮೇಲೆ ಎಂಜಿನ್ ತಿರುಗಿಸಿ. ನೀರು ಪ್ಲಗ್ ತೂತಿನಿಂದ ಚಿಮ್ಮಿ ಹೊರಬರುತ್ತದೆ. ಸ್ಪಾಂಜಿನ ಏರ್ ಫಿಲ್ಟರ್ ಆದರೆ ಹಿಂಡಿ ಒಣಗಿಸಿ. ಎಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಆಯಿಲ್ ಬದಲಿಸದೆ ಮುಂದೆ ಹೋಗಬೇಡಿ.

ಬಿದ್ದ ಬೈಕ್ ಎತ್ತಲು ಅವಸರ ಬೇಡ. ಮೊದಲು ಎಂಜಿನ್ ಆರಿಸಿ. ಗೇರ್‌ನಲ್ಲಿರುವಂತೆ ನೋಡಿಕೊಳ್ಳಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಈಗಲೇ ಹೊರಗೆ ಚಾಚಿಡಿ, ಎತ್ತಿದ ಮೇಲೆ ಎಡಗಡೆಗೆ ಉರುಳಿ ಬೀಳುವುದಿಲ್ಲ. ಹ್ಯಾಂಡಲನ್ನು ಕೊನೆಯವರೆಗೆ ತಿರುಗಿಸಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕುರುಗಾಲಲ್ಲಿ ಕೂತು, ಬೆನ್ನು ಬಗ್ಗಿಸದೆ ಕಾಲಿನಿಂದ ತಳ್ಳುತ್ತಾ ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಹಿಂದಕ್ಕೆ ನಡೆಯಿರಿ. ಸುಸ್ತಾಗಿದ್ದರೆ ಸಾಮಾನು ಬಿಚ್ಚಿ ಎತ್ತಿ.

ಸುಸ್ತು ಅಂದಾಗ ದೂರದ ಲೆಕ್ಕ ನೆನಪಾಯಿತು. ಡಾಂಬರಿನಲ್ಲಿ ದಿನಕ್ಕೆ 400 ಕಿಲೋಮೀಟರ್ ಹೋಗುವವರು ಮಣ್ಣುದಾರಿಯಲ್ಲಿ 120–150ಕ್ಕೆ ಯೋಜನೆ ಹಾಕಿಕೊಳ್ಳಿ. ಪೆಟ್ರೋಲ್ ಲೆಕ್ಕವೂ ಬೇರೆ. ಮರಳು, ಏರುದಾರಿಯಲ್ಲಿ ಮೈಲೇಜ್ ಬಿದ್ದುಹೋಗುತ್ತದೆ. ಸಿಆರ್‌ಎಫ್ 300 ಎಲ್‌ನಂಥ ಬೈಕ್‌ನ ಟ್ಯಾಂಕ್ 7.8 ಲೀಟರ್ ಮಾತ್ರ. ದೂರದ ಮೂರನೇ ಒಂದು ಭಾಗವನ್ನು ಕೈಯಲ್ಲಿ ಉಳಿಸಿಕೊಂಡೇ ಲೆಕ್ಕ ಹಾಕಿ. ಫೋನ್ ಸಿಗ್ನಲ್ ಇಲ್ಲದ ಕಡೆ ಒಬ್ಬರೇ ಹೋಗುವಾಗ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯವರಿಗೆ ಬರೆದುಕೊಟ್ಟು ಹೊರಡಿ.

ಸಂಜೆ ಬೈಕ್ ನಿಲ್ಲಿಸಿದ ಮೇಲೆ ಹತ್ತು ನಿಮಿಷ ಅದಕ್ಕೆ ಕೊಡಿ. ಏರ್ ಫಿಲ್ಟರ್ ತೆಗೆದು ನೋಡಿ. ಬೇರೆ ಬೈಕ್‌ನ ಧೂಳಿನಲ್ಲಿ ಓಡಿಸಿದ ದಿನ, ಅದು ಸ್ಪಾಂಜಿನದಾದರೆ, ತೊಳೆದು, ಒಣಗಿಸಿ, ಫಿಲ್ಟರ್ ಆಯಿಲ್ ಹಚ್ಚಲೇಬೇಕು. ಎಣ್ಣೆ ಹಚ್ಚಿದ ಇನ್ನೊಂದು ಫಿಲ್ಟರ್ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿದ್ದರೆ ಕೆಲಸ ಸಲೀಸು. ಬೋಲ್ಟ್‌ಗಳ ಮೇಲೆ ಕೈಯಾಡಿಸಿ. ಕೊನೆಗೆ ಒಂದು ಸಣ್ಣ ಸ್ಪ್ಯಾನರ್ ತಗೊಂಡು ಚಕ್ರ ತಿರುಗಿಸುತ್ತಾ ಒಂದೊಂದೇ ಕಡ್ಡಿ ತಟ್ಟಿ. ಬಿಗಿ ಇರುವ ಸ್ಪೋಕ್ ಠಣ್ ಅನ್ನುತ್ತದೆ, ಸಡಿಲಾದದ್ದು ಮೊದ್ದಾಗಿ ದಬ್ ಅನ್ನುತ್ತದೆ. ದಬ್ ಅಂದದ್ದನ್ನು ಕಾಲು ಸುತ್ತು ಬಿಗಿ ಮಾಡಿ, ಮತ್ತೆ ತಟ್ಟಿ ಕೇಳಿ.